ಅಮ್ಮನ ಅಭಿಪ್ರಾಯ

ಗಂಡಾಗಿ ಹುಟ್ಟಿದ್ದ ಶಿಯೋರಿ ಹೆಣ್ಣಾಗಿ ಬಾಳಲೆಂದು ಜಪಾನಿನ ನಾಗಾನೊದಲ್ಲಿದ್ದ ತಾಯಿಯ ಮನೆ ಬಿಟ್ಟು ಹದಿನೆಂಟು ವರ್ಷವಾಗಿತ್ತು. ಈಗ ಸಮೀಕ್ಷೆಯ ಕೆಲಸದ ಮೇಲೆ ಅದೇ ಮನೆಯ ಬಾಗಿಲು ತಟ್ಟಿದ್ದಳು. ಅಮ್ಮ ಅಪರಿಚಿತರಿಗೆ ಮಾಡುವಂತೆ ಬಾಗಿ ವಂದಿಸಿ, ಒಳಗೆ ಕರೆದು ಚಹಾ ಕೊಟ್ಟಳು. ಗುರುತು ಸಿಕ್ಕಿಲ್ಲವೆಂದು ಶಿಯೋರಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

“ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಬಗ್ಗೆ ನಿಮ್ಮ ಅಭಿಪ್ರಾಯ ಏನು?” ಎಂದು ಕೇಳಿದಳು.

“ಪಾಪ, ಅವರೂ ಮನುಷ್ಯರೇ ಅಲ್ವಾ? ಅವರಿಷ್ಟದಂತೆ ಬದುಕಲಿ.”

“ಅಂಥವರು ಪಕ್ಕದ ಮನೆಗೆ ಬಂದರೆ?”

“ಬರಲಿ ಬಿಡಿ. ನಮ್ಮ ಮರದ ಹಣ್ಣು ಅವರಿಗೂ ಕೊಡ್ತೀನಿ.”

ಶಿಯೋರಿ ಅದನ್ನೂ ಬರೆದುಕೊಂಡು ತಲೆಯೆತ್ತಿದಳು. “ನಿಮ್ಮ ಮನೆಯಲ್ಲೇ ಇದ್ದರೆ?”

“ಪ್ರೀತಿಯಿಂದ ನೋಡ್ಕೋಬೇಕು. ಹೆತ್ತವರಲ್ಲದೆ ಇನ್ಯಾರು ನೋಡ್ತಾರೆ?”

ಶಿಯೋರಿಯ ಕಣ್ಣು ತುಂಬಿ ಬಂತು. ‘ಅಮ್ಮಾ’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಎದ್ದುಹೋಗಿ ಬೀದಿಯ ಕಡೆಯ ಕಿಟಕಿಗೆ ಪರದೆ ಎಳೆದಳು.

“ಎಲ್ಲಾ ಬರ್ಕೊಂಡ್ರಾ?”

“ಬರ್ಕೊಂಡೆ.”

“ಹಾಗಾದ್ರೆ ಹಿತ್ತಲ ಬಾಗಿಲಿಂದ ಹೋಗು ಮಗನೇ, ಪಕ್ಕದ ಮನೆಯವರು ನೋಡಿಬಿಟ್ಟಾರು.”