ಮದುವೆಯ ದಿನ ಕೊಟ್ಟ ಮಜ್ಜೆ

ಅಕ್ಷತೆ ಬಿದ್ದ ಮೇಲೆ ವಧೂವರರು ಪಕ್ಕದ ಕೋಣೆಯಲ್ಲಿ ಮೂಳೆಮಜ್ಜೆ ಬದಲಾಯಿಸಿಕೊಳ್ಳುವುದು ಗದಗಿನಲ್ಲೀಗ ವಾಡಿಕೆ. ಶಾಂಭವಿಯೂ ಮಹಾಂತೇಶನೂ ಹಾಗೆಯೇ ಮಾಡಿದ್ದರು. ವರ್ಷ ಕಳೆಯುವುದರೊಳಗೆ ಅವಳು ಸೊರಗಿದಳು. ಪರೀಕ್ಷಿಸಿದ ಡಾಕ್ಟರು, "ನಿಮ್ಮೊಳಗೆ ಹಾಕಿದ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಬೆಳೀತಿವೆ. ಇದು ರಕ್ತದ ಕ್ಯಾನ್ಸರ್, ನಿಮ್ಮ ಗಂಡನ ಹಳೇ ಕಾಯಿಲೆ. ನೀವು ಕೊಟ್ಟ ಮಜ್ಜೆಯಿಂದ ಅವರು ಗುಣವಾಗಿದ್ದಾರೆ," ಎಂದರು.

ಮನೆಗೆ ಬಂದವಳೇ ಗಂಡನನ್ನು ಕೇಳಿದಳು. "ನಿಮಗ ಮೊದಲ ಗೊತ್ತಿತ್ತೇನ್ರಿ?"

ಅವನು ತಲೆ ತಗ್ಗಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹೇಳಿದ್ರ ನೀ ಮದುವಿಗೆ ಒಪ್ಪತಿದ್ದೇನವಾ?" ಎಂದಳು.

ಶಾಂಭವಿ ಅತ್ತೆಯ ಕಡೆ ತಿರುಗಲಿಲ್ಲ. ಗಂಡನಿಗೇ ಹೇಳಿದಳು. "ನಿಮ್ಮೊಳಗ ಇರೋದು ನಂದ ಮಜ್ಜೆ. ಅದರಾಗ ಸ್ವಲ್ಪ ಕೊಟ್ರ ನಾ ಉಳೀತೀನಂತ. ಕೊಡ್ತೀರೇನು?"

ಮಹಾಂತೇಶ ತಾಯಿಯ ಮುಖ ನೋಡಿದ.