ಕದಲದ ಗೆರೆ

ಆ ಕಟ್ಟಡದ ಚರಿತ್ರೆಯಲ್ಲಿ ಅತ್ಯಂತ ಗಂಭೀರವಾದ ಘಟನೆಯೊಂದು ಸೋಮವಾರ ಬೆಳಿಗ್ಗೆ ನಡೆಯಿತು: ಒಂದು ಗೆರೆ ಕದಲಲಿಲ್ಲ.

ಕಟ್ಟಡದ ಪಕ್ಕದ ತಗಡಿನ ಆಫೀಸಿನಲ್ಲಿ ಕೂತು, ಶೆಡ್ಯೂಲು ನೋಡಿಕೊಳ್ಳುವ ಹುಡುಗಿ ಕಂಪ್ಯೂಟರಿನಲ್ಲಿ ಹೋದ ತಿಂಗಳ ಶೆಡ್ಯೂಲಿನ ಮೇಲೆ ಈ ತಿಂಗಳದ್ದನ್ನು ಕೂರಿಸಿ ನೋಡುತ್ತಿದ್ದಳು. ಕೆಲಸಕ್ಕೊಂದು ಗೆರೆ, ತಡವಾದಷ್ಟೂ ಬಲಕ್ಕೆ. ಹಳೆಯ ಗೆರೆಗಳು ಬೂದು ಬಣ್ಣ, ಹೊಸವು ನೀಲಿ. ಎರಡನೆಯ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟು ಬಿದ್ದದ್ದೇ ತಡವಾಗಿ. ಅದರ ನೀಲಿ ಗೆರೆ ಬಲಕ್ಕೆ ಸರಿದಿತ್ತು. ಅದರ ಹಿಂದೆ ಬರುವ ಗೋಡೆ, ಕಿಟಕಿ, ಬಣ್ಣ ಎಲ್ಲವೂ ಸರಿಯಬೇಕಿತ್ತು. ಸರಿದಿರಲಿಲ್ಲ. ಎಲ್ಲಕ್ಕಿಂತ ಕೆಳಗಿನ ಗೆರೆ, ಅಂದರೆ ಆಸ್ಪತ್ರೆಯ ಉದ್ಘಾಟನೆ, ಮಹಾಯೋಗಿಯಂತೆ ಕೂತಲ್ಲೇ ಕೂತಿತ್ತು.

ಸಾಲಿನಲ್ಲಿ ಮುಂದಿನವನು ನಿಂತಿದ್ದರೂ ಹಿಂದಿನವನು ಹೊತ್ತಿಗೆ ಸರಿಯಾಗಿ ಬಾಗಿಲು ಮುಟ್ಟುತ್ತಾನೆಂದರೆ ನಡುವೆ ಯಾರೋ ನುಸುಳುದಾರಿ ಮಾಡಿರಬೇಕು. ಹುಡುಕಿದಳು. ಸ್ಲ್ಯಾಬು ಗಟ್ಟಿಯಾಗಲು ಬಿಟ್ಟಿದ್ದ ದಿನಗಳಲ್ಲಿ ಅರ್ಧಕ್ಕರ್ಧ ಮಾಯವಾಗಿದ್ದವು. ಅದನ್ನು ಕೆಳಗಿನಿಂದ ಹೊತ್ತು ನಿಂತ ಸೆಂಟ್ರಿಂಗ್ ಬಿಚ್ಚುವುದು ಇವತ್ತೇ, ಊಟವಾದ ಮೇಲೆ. ಹಸಿ ಸ್ಲ್ಯಾಬು ಬಿಚ್ಚುವವರ ತಲೆಯ ಮೇಲೇ ಬೀಳಬಹುದು.

ಪ್ರಾಜೆಕ್ಟ್ ಮ್ಯಾನೇಜರು ಅವಳ ಅಕ್ಕನ ಗಂಡ. ಮನೆಯಲ್ಲಿ ಭಾವ, ಸೈಟಿನಲ್ಲಿ ಸರ್. ಈ ನಿಯಮವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸುತ್ತಿದ್ದುದರಿಂದ ಅಲ್ಲಿ ಒಂದು ನರಪಿಳ್ಳೆಗೂ ನಂಟು ಗೊತ್ತಿರಲಿಲ್ಲ.

“ಸರ್, ಸ್ಲ್ಯಾಬಿನ ದಿನಗಳನ್ನ ಯಾರೋ ಕಡಿಮೆ ಮಾಡಿದಾರೆ.”

“ಯಾರೋ ಅಲ್ಲ, ನಾನೇ. ಬಿಸಿಲು ಜೋರಾಗಿದೆ, ಬೇಗ ಒಣಗತ್ತೆ.”

“ಒಣಗೋಕೆ ಅದೇನು ಬಟ್ಟೆನಾ ಸರ್? ಗಟ್ಟಿಯಾಗಬೇಕು. ಟೆಸ್ಟ್ ರಿಪೋರ್ಟು ಇನ್ನೂ ಬಂದಿಲ್ಲ.”

“ಬರತ್ತೆ ಬಿಡು.” ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮಧ್ಯಾಹ್ನದ ಮೀಟಿಂಗಲ್ಲಿ ಇದನ್ನ ತೆಗೆದು ರಂಪ ಮಾಡಬೇಡ. ಉದ್ಘಾಟನೆ ಮುಂದೆ ಹೋದ್ರೆ ನನ್ನ ಕೆಲಸ ಹೋಯ್ತು ಅಂತಲೇ ಲೆಕ್ಕ. ಆಮೇಲೆ ನಿಮ್ಮಕ್ಕನಿಗೆ ನೀನೇ ಸಮಾಧಾನ ಹೇಳು.”

ಮಧ್ಯಾಹ್ನ ಜರಡಿ ಬಂದರು. ಆಸ್ಪತ್ರೆ ಕಟ್ಟಿಸುತ್ತಿದ್ದವರ ಕಡೆಯ ಇಂಜಿನಿಯರು. ಏನು ಕೊಟ್ಟರೂ ಸೋಸದೆ ಒಳಗೆ ಬಿಟ್ಟುಕೊಳ್ಳದ ಕಾರಣ ಕೆಲಸದವರು ಇಟ್ಟ ಹೆಸರು ಅದು. “ಎರಡು ತಿಂಗಳದ್ದೂ ಹೋಲಿಸಿ ತೋರಿಸಮ್ಮ” ಎಂದರು. ಅವಳು ಗುಂಡಿ ಒತ್ತಿದಳು. ಗೋಡೆಯ ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: ಒಟ್ಟು ವ್ಯತ್ಯಾಸ, ಸೊನ್ನೆ.

ಅವಳಿಗೆ ತಕ್ಷಣ ತಿಳಿಯಿತು. ಊಟದ ಹೊತ್ತಿನಲ್ಲಿ ಭಾವ ಈ ತಿಂಗಳ ಶೆಡ್ಯೂಲನ್ನೇ ಹೋದ ತಿಂಗಳ ಹೆಸರಿನಲ್ಲಿ ಇಟ್ಟಿದ್ದರು; ಕಂಪ್ಯೂಟರು ಅದನ್ನು ಅದಕ್ಕೇ ಹೋಲಿಸಿತ್ತು. ತಾವು ಮಾಡಿದ ಒಂದು ಬದಲಾವಣೆ ಕಾಣಬಾರದು, ಅಷ್ಟೇ ಅವರ ಆಸೆ. ಆದರೆ ನೆಗಡಿಗೆ ಮೂಗು ಕೊಯ್ದಂತೆ, ತಿಂಗಳಿಡೀ ಅಷ್ಟು ಜನ ಹೊತ್ತದ್ದು, ಸುರಿದದ್ದು, ಕಟ್ಟಿದ್ದು ಎಲ್ಲವೂ ಅದರೊಂದಿಗೇ ಅಳಿಸಿಹೋಗಿತ್ತು.

“ಅಂದ್ರೆ,” ಜರಡಿ ಕನ್ನಡಕ ತೆಗೆದು ಒರೆಸಿಕೊಂಡರು, “ಒಂದು ತಿಂಗಳಿಂದ ಇಲ್ಲಿ ಯಾರೂ ಒಂದು ಇಟ್ಟಿಗೇನೂ ಇಟ್ಟಿಲ್ಲ. ಈಗ ತಾನೇ ಹೊಸ ಮೆಟ್ಟಿಲು ಹತ್ತಿ ನೋಡ್ಕೊಂಡು ಬಂದೆ. ನನಗೇ ಭ್ರಮೆ ಇರಬೇಕು.”

“ಸಿಸ್ಟಂ ತೊಂದರೆ ಸರ್,” ಭಾವ ನಕ್ಕರು.

“ಇರಬಹುದು. ಹೋದ ತಿಂಗಳು ನೀವು ಕಳಿಸಿದ್ದು ನಮ್ಮ ಆಫೀಸಲ್ಲಿ ಇದ್ದೇ ಇರತ್ತೆ. ನಾಳೆ ತರ್ತೀನಿ, ಕೂತು ನೋಡೋಣ.”

ಭಾವ ಕುರ್ಚಿಗೆ ಒರಗಿದರು. ನಾಳೆಯ ಹೊತ್ತಿಗೆ ಸೆಂಟ್ರಿಂಗ್ ಬಿಚ್ಚಿ ಆಗಿರುತ್ತದೆ. ಆಮೇಲೆ ಯಾವ ಗೆರೆ ಎಲ್ಲಿದ್ದರೇನು. ಅಷ್ಟರಲ್ಲಿ ಸೆಂಟ್ರಿಂಗ್ ಮೇಸ್ತ್ರಿ ಬಾಗಿಲಲ್ಲಿ ತಲೆ ಹಾಕಿದ.

“ಸಾರ್, ಊಟ ಆಯ್ತು. ಹುಡುಗರು ಸ್ಲ್ಯಾಬ್ ಕೆಳಗೆ ಕಾಯ್ತಾ ಇದಾರೆ. ಶುರು ಮಾಡ್ಲಾ?”

“ಮಾಡು.”

ಮೇಸ್ತ್ರಿ ಹೊರಡಲು ತಿರುಗಿದ. ಜರಡಿ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದರು. ಅವಳು ಎದ್ದು ನಿಂತಳು.

“ನಾಳೆ ಬೇಡ ಸರ್,” ಎಂದಳು ಜರಡಿಗೆ. “ಈಗಲೇ ನೋಡಿ.”

“ಪುಟ್ಟೀ, ಸುಮ್ನಿರು.” ಮನೆಯ ಹೆಸರು ಭಾವನ ಬಾಯಿಂದ ಜಾರಿಬಿತ್ತು.

ಮೇಸ್ತ್ರಿಯ ಕಾಲು ಹೊಸ್ತಿಲಲ್ಲೇ ನಿಂತಿತು. ಜರಡಿ ಕನ್ನಡಕವನ್ನು ಮತ್ತೆ ಏರಿಸಿಕೊಂಡು ಇಬ್ಬರ ಮುಖವನ್ನೂ ಸಾವಕಾಶವಾಗಿ ಸೋಸಿದರು. “ಇವರು ನಿಮಗೆ ಏನಾಗಬೇಕಮ್ಮ?”

“ಭಾವ. ಸ್ಲ್ಯಾಬು ಇನ್ನೂ ಹಸಿ ಇದೆ ಸರ್. ಗಟ್ಟಿಯಾಗೋ ದಿನಗಳನ್ನ ಅರ್ಧ ಕತ್ತರಿಸಿದಾರೆ, ರಿಪೋರ್ಟು ಬಂದಿಲ್ಲ. ಹೋದ ತಿಂಗಳದ್ದರಲ್ಲಿ ಸರಿಯಾಗೇ ಇತ್ತು.”

ಭಾವ ಪರದೆಯ ಮೇಲಿನ ಸೊನ್ನೆಯನ್ನೇ ನೋಡುತ್ತ ಕೂತರು. ಜರಡಿ ಬಾಯಿ ತೆರೆಯುವುದರೊಳಗೆ ಮೇಸ್ತ್ರಿ ಹೊರಗೆ ಹಾರಿದ್ದ. ಸ್ಲ್ಯಾಬಿನ ಕೆಳಗೆ ಸುತ್ತಿಗೆ ಹಿಡಿದು ನಿಂತಿದ್ದವರಲ್ಲಿ ಇಬ್ಬರು ಅವನ ತಮ್ಮಂದಿರು. “ಮುಟ್ಟಬೇಡ್ರೋ, ಆಚೆ ಬನ್ರೋ” ಎಂಬ ಅವನ ಕೂಗು ತಗಡಿನ ಗೋಡೆ ದಾಟಿ ಒಳಗೆ ಕೇಳಿಸಿತು.

ರಿಪೋರ್ಟು ಬಂದ ಮೇಲೆ ಸೆಂಟ್ರಿಂಗ್ ಬಿಚ್ಚಿದರು. ಉದ್ಘಾಟನೆ ಮುಂದಕ್ಕೆ ಹೋಯಿತು. ಭಾವನ ಕೆಲಸ ಹೋಯಿತು. ಸ್ಲ್ಯಾಬು ಗಟ್ಟಿಯಾಗಿ ನಿಂತಿದೆ. “ಬೀಳಲಿಲ್ವಲ್ಲೇ, ಮತ್ಯಾಕೆ ರಂಪ ಮಾಡ್ದೆ?” ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ.