ಗೂನಜ್ಜನ ದೀಪ

"ಇದು ಇನ್ನೂ ಉರೀತಾ ಇದೆಯಲ್ಲಣ್ಣ?" ಎಂದಳು ಹೆಂಗಸು.

ಬೆಳಗಿನ ಬಿಸಿಲು ರಸ್ತೆಯ ತುಂಬ ಬಿದ್ದಿತ್ತು. ಏಣಿಯ ಮೇಲೆ ನಿಂತು ದೀಪದ ಗಾಜು ಒರೆಸುತ್ತಿದ್ದ ದೀಪದವನು ಕೆಳಗೆ ನೋಡಿದ. ಹಾಡಹಗಲಲ್ಲಿ ಉರಿಯುವ ಬೀದಿದೀಪವನ್ನು ಕಂಡು ಪರವೂರಿನವರು ನಗುವುದುಂಟು. ಈಕೆ ನಗುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಗೇಟಿನ ಎದುರಿಗಿದ್ದ ಆ ಕಂಬಕ್ಕೆ ಯಾವ ಕಾಲದಲ್ಲೋ ಗಾಡಿಯೊಂದು ಗುದ್ದಿ ಬೆನ್ನು ಬಗ್ಗಿಹೋಗಿತ್ತು. ನೆಟ್ಟಗೆ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಓದುವವರ ಹೆಗಲ ಮೇಲಿಂದ ಪುಸ್ತಕಕ್ಕೆ ಇಣುಕುವ ಮುದುಕನ ಹಾಗೆ ಕಾಣುತ್ತದೆಂದು ಹುಡುಗರು ಅದನ್ನು ಗೂನಜ್ಜ ಎಂದರು. ಈಗ ಊರಿಗೆಲ್ಲ ಅದೇ ಹೆಸರು. ಹಗಲಿರುಳು ಉರಿಯುವ ದೀಪ. ವಿಶ್ವವಿದ್ಯಾಲಯದಲ್ಲಿ ಓದುವವರೋ ಓದಿಸುವವರೋ ತೀರಿಕೊಂಡರೆ ಮಾತ್ರ ಒಂದು ದಿನದ ಮಟ್ಟಿಗೆ ಆರುತ್ತದೆ. ಕಚೇರಿಯಿಂದ ಫೋನ್ ಬಂದ ಮೇಲೆ ದೀಪದವನು ಕಂಬದ ಬುಡದ ಪುಟ್ಟ ಬಾಗಿಲು ತೆಗೆದು ಸ್ವಿಚ್ಚು ಒತ್ತುತ್ತಾನೆ.

"ಯಾರಮ್ಮಾ?" ಎನ್ನುತ್ತ ಅವನು ಇಳಿದು ಬಂದ.

"ನನ್ನ ಮಗ. ಇತಿಹಾಸ, ಕೊನೇ ವರ್ಷ. ಜ್ವರ ಅಂತ ಮಲಗಿದೋನು ಏಳಲೇ ಇಲ್ಲ. ನಿನ್ನೆ ಎಲ್ಲ ಮುಗೀತು." ಆಕೆ ಪರ್ಸಿನಿಂದ ಒಂದು ಫೋಟೋ ತೆಗೆದು ಅವನ ಕೈಗಿಟ್ಟಳು. "ನಾನು ಹೊಲಿಗೆಯೋಳು. ಪದವಿ ತಗೊಳ್ಳೋ ದಿನ ಇಲ್ಲಿಯೋರು ಹಾಕ್ಕೊಳ್ಳೋ ಕಪ್ಪು ಗೌನು, ಅದು ನಮ್ಮನೇಲೇ ತಯಾರಾಗೋದು."

"ಕಚೇರಿಯೋರು ಮರೆತಿರ್ತಾರೆ ಬಿಡಮ್ಮ. ಅವರಿಗೆ ಬೆಳಗಾಗೋದೇ ಎರಡನೇ ಕಾಫಿ ಆದ್ಮೇಲೆ," ಎಂದ ದೀಪದವನು, ಹುಡುಗನ ಹೆಸರು ಕೇಳಿಕೊಂಡು ಕಚೇರಿಗೆ ಫೋನ್ ಹಚ್ಚಿ ಹೇಳಿದ. ಆ ಕಡೆಯಿಂದ ಗುಮಾಸ್ತ ಸ್ವಲ್ಪ ಹೊತ್ತು ಕಂಪ್ಯೂಟರು ಕುಟ್ಟಿದ.

"ಅವನು ನಮ್ಮೋನಲ್ಲ ಕಣಯ್ಯ. ಎರಡನೇ ವರ್ಷದಲ್ಲೇ ಬಿಟ್ಟು ಹೋಗಿದ್ದಾನೆ."

ದೀಪದವನು ನಾಲ್ಕು ಹೆಜ್ಜೆ ಆಚೆ ಸರಿದ. "ತಾಯಿ ಇಲ್ಲೇ ನಿಂತಿದ್ದಾರೆ ಸಾರ್. ಅವರಿಗೆ ಗೊತ್ತಿಲ್ಲ."

"ಹಾಗಾದ್ರೆ ಹೇಳು."

"ನಾನಾ? ಫೋನ್ ಕೊಡ್ತೀನಿ, ನೀವೇ ಹೇಳಿಬಿಡಿ ಸಾರ್."

"ನಿಂಗೇನು ತಲೆ ಕೆಟ್ಟಿದೆಯಾ? ನೋಡು, ಹೊರಗಿನೋರಿಗೆಲ್ಲ ಆರಿಸ್ತಾ ಹೋದ್ರೆ ಅದು ಉರಿಯೋದು ಯಾವಾಗ? ಮುಟ್ಟಿದ್ಯೋ ನಿನ್ನ ಕೆಲಸಕ್ಕೆ ಸಂಚಕಾರ. ಆಮೇಲೆ ನನ್ ಹತ್ರ ಬರಬೇಡ."

ಮಾತು ಕಡಿದುಹೋದ ಮೇಲೂ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ಏನಾದರೂ ಹೇಳಬೇಕಾಗುತ್ತಿತ್ತು. ದೀಪ ಆರಿಸದೆ ಆಕೆಯನ್ನು ಕಳಿಸಿದರೆ ಅದೂ ಹೇಳಿದ ಹಾಗೆಯೇ. ಕೈಯಲ್ಲಿದ್ದ ಫೋಟೋವನ್ನು ಆಗ ಸರಿಯಾಗಿ ನೋಡಿದ. ನೋಡಿದ ಮುಖ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಷೀನಿನ ಮುಂದೆ ನಿಲ್ಲುತ್ತಿದ್ದವನು. ಯಾರ ನೋಟ್ಸು ಕೊಟ್ಟರೂ ಹಾಳೆಯನ್ನು ಗಾಜಿನ ಮೇಲೆ ಹಾಕುವ ಮುಂಚೆ ಒಂದು ಗಳಿಗೆ ಹಿಡಿದುಕೊಂಡು ಓದುತ್ತಿದ್ದ. "ಲೋ, ಪರೀಕ್ಷೆ ನೀನು ಬರೀತೀಯೋ ನಾವು ಬರೀಬೇಕೋ? ಬೇಗ ಒತ್ತೋ ಮಾರಾಯ," ಎಂದು ಸಾಲಿನಲ್ಲಿದ್ದವರು ಕೂಗುವರು. ಅವನು ನಗುತ್ತ ಒತ್ತುವನು.

"ಏನಂತೆ ಅಣ್ಣ?"

"ಗಡಿಬಿಡೀಲಿ ಮರೆತುಬಿಟ್ರಂತೆ. ಆರಿಸು ಅಂದ್ರು."

ಅವನು ಕುಕ್ಕರಗಾಲಲ್ಲಿ ಕೂತು ಕಂಬದ ಬಾಗಿಲು ತೆಗೆದ. ಸ್ವಿಚ್ಚು ಒತ್ತಿದ.

ಬಿಸಿಲಿನಲ್ಲಿ ಆ ದೀಪ ಆರಿದ್ದು ಕಣ್ಣಿಗೆ ಬೀಳುವಂಥದ್ದೇನಲ್ಲ. ಆದರೂ ಬೀದಿಗೆ ಗೊತ್ತಾಯಿತು. ಸೈಕಲ್ಲಿನಿಂದ ಒಬ್ಬ ಇಳಿದ. ಜೋರಾಗಿ ಮಾತಾಡುತ್ತ ಬರುತ್ತಿದ್ದ ಹುಡುಗಿಯರು ಮಾತು ನಿಲ್ಲಿಸಿದರು. ಎದುರಿನ ಅಂಗಡಿಯ ಮಷೀನಿನ ಸದ್ದೂ ನಿಂತಿತು. ಅಂಗಡಿಯ ಮಾಲೀಕ ಹೊರಗೆ ಬಂದು ದೀಪವನ್ನು ನೋಡಿದ, ಅದರ ಕೆಳಗೆ ನಿಂತಿದ್ದ ಹೆಂಗಸನ್ನು ನೋಡಿದ. ಶಟರನ್ನು ಅರ್ಧಕ್ಕೆ ಎಳೆದು ತಲೆ ತಗ್ಗಿಸಿ ನಿಂತ. ಈ ಕಡೆ ದಾಟಿ ಬಂದು ಬಾಯಿ ಬಿಡದಿರಲಿ ಎಂದು ದೀಪದವನು ಒಳಗೊಳಗೇ ಬೇಡಿಕೊಂಡ. ಮಾಲೀಕ ಬರಲಿಲ್ಲ.

"ಆ ಅಂಗಡಿಯೋರಿಗೂ ಪರಿಚಯ ಇದ್ನಾ?" ಎಂದಳು ಆಕೆ.

"ನೋಟ್ಸ್ ಜೆರಾಕ್ಸ್ ಮಾಡಿಸೋಕೆ ಹೋಗ್ತಿದ್ನೇನೋ ಅಮ್ಮ. ಎಲ್ಲ ಹುಡುಗರೂ ಹೋಗ್ತಾರೆ."

ಆಕೆ ಫೋಟೋ ವಾಪಸು ತೆಗೆದುಕೊಂಡು, ಅದರ ಮೇಲೆ ಬಿದ್ದಿದ್ದ ಅವನ ಬೆರಳ ಗುರುತನ್ನು ಒರೆಸಿದಳು.

"ಅವನ ಅಂಗಿ ಒಗೆಯೋಳು ನಾನಲ್ವಾ ಅಣ್ಣ," ಎಂದಳು ಮೆಲ್ಲಗೆ. "ತೋಳಿನ ತುಂಬ ಆ ಮಷೀನಿನ ಕಪ್ಪು ಪುಡಿ. ಬಿಸಿನೀರಿಗೆ ಹಾಕಿದ್ರೆ ಇನ್ನೂ ಗಟ್ಟಿ ಹಿಡ್ಕೊಳ್ಳುತ್ತೆ. ತಣ್ಣೀರಲ್ಲೇ ಬಿಡಿಸಬೇಕು."

ದೀಪದವನು ಅಂಗಡಿಯ ಕಡೆ ನೋಡಿ ಆಕೆಯ ಕಡೆ ತಿರುಗಿದ. "ಎಲ್ಲ ಗೊತ್ತಿದ್ದೂ ಇಲ್ಲಿಗೆ ಬಂದ್ರಾ?"

"ನನ್ನ ಕಣ್ಣು ಮಂಜಾಗಿ ಹೊಲಿಗೆ ಕಮ್ಮಿ ಆಯ್ತು. ಆಗಿನಿಂದ ಸ್ಕಾಲರ್‌ಶಿಪ್ ಬಂತು ಅಂತ ತಂದು ಕೊಡೋನು. ಊಟಕ್ಕೆ ಕೂತ್ರೆ ಆವತ್ತಿನ ಪಾಠ ಪೂರ್ತಿ ಒಪ್ಪಿಸೋನು, ನಾನು ಹೂಂಗುಟ್ಟೋಳು." ಆಕೆ ನಿಂತವರನ್ನೆಲ್ಲ ಒಮ್ಮೆ ನೋಡಿದಳು. "ಅಷ್ಟು ಕಷ್ಟಪಟ್ಟು ಇಲ್ಲೀತನಕ ಹೊತ್ತು ತಂದ ಸುಳ್ಳು, ಅಣ್ಣ. ಇವತ್ತೊಂದು ದಿನ ನಾನು ಕೈಬಿಡೋದು ಹೇಗೆ?"